ಕಟ್ಟು ಹಾಕಿದ ಮೀನು

ಸರ್ಫರಾಜ ತೀರಿಕೊಂಡ. ಹೋದ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿರುವ ತನ್ನ ಗಾಜಿನ ಅಂಗಡಿಯಲ್ಲಿ, ಸ್ಟೂಲಿನ ಮೇಲೆ ಕೂತಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ಐವತ್ತೊಂದು ವರ್ಷವಾಗಿತ್ತು.

ಗಾಜು ಕೊಯ್ಯುವುದು, ಕನ್ನಡಿ ಕೂರಿಸುವುದು, ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ತಂದೆ ಮಸ್ತಾನಸಾಬರಿಂದ ಬಂದದ್ದು. ಊರಿನ ಅರ್ಧ ದೇವರು, ಮುಕ್ಕಾಲು ಪಾಲು ಸತ್ತವರು ಅವನು ಹಾಕಿದ ಕಟ್ಟಿನೊಳಗೇ ಇದ್ದಾರೆ. ಆದರೆ ಅವನ ಜೀವ ಇದ್ದದ್ದು ಹವಳ ಬೆಳೆಸುವುದರಲ್ಲಿ. ಸಮುದ್ರವನ್ನು ಅವನು ಕಂಡದ್ದು ಒಮ್ಮೆ, ಮದುವೆಯಾದ ಹೊಸದರಲ್ಲಿ, ಹೆಂಡತಿ ಶಬ್ನಮ್ ಜೊತೆ ಕಾರವಾರದಲ್ಲಿ, ಅರ್ಧ ದಿನ. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ, ನೀರು ಕೆಡಿಸಿ, ಮೀನು ಸಾಯಿಸಿ ಕಲಿತ. ಎಂಟು ವರ್ಷದ ಹಿಂದೆ ಮೆಕ್ಕೆಜೋಳದ ವ್ಯಾಪಾರಿ ದುರುಗೇಶನ ಮನೆಯ ಹಾಲಿನಲ್ಲಿ ಐದಡಿ ಉದ್ದದ ಉಪ್ಪುನೀರಿನ ಗಾಜಿನ ತೊಟ್ಟಿ ಕಟ್ಟಿದ. ಉಗುರಿನಷ್ಟು ಹವಳದ ತುಣುಕುಗಳನ್ನು ಕಲ್ಲಿಗೆ ಅಂಟಿಸಿದ. ಎರಡು ವರ್ಷಕ್ಕೆ ಅವು ಹೂಕೋಸಿನಷ್ಟಾದವು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯಿದ್ದ ಎರಡು ಮೀನು ಅದರೊಳಗೆ ಸಂಸಾರ ಹೂಡಿದವು.

ಆ ಜೋಡಿಯಲ್ಲಿ ಒಂದು ಕಾಣೆಯಾಯಿತು. ದುರುಗೇಶನ ಮಗಳ ಸೀಮಂತದ ದಿನ, ಫೋಟೋ ಚೆನ್ನಾಗಿ ಬರಲೆಂದು ಮನೆಯವರು ತೊಟ್ಟಿಯ ಜಾಲರಿ ಮುಚ್ಚಳ ತೆಗೆದಿಟ್ಟಿದ್ದರು. ಸಂಜೆ ನೀರು ನೋಡಿಕೊಂಡು ಹೋದವನು ಸರ್ಫರಾಜ. ಮರುದಿನ ನೋಡಿದರೆ ಒಂದೇ ಮೀನು. ಇವು ಜಿಗಿಯುವ ಜಾತಿ, ತೊಟ್ಟಿ ಕೂತ ಕಪಾಟಿಗೂ ಗೋಡೆಗೂ ನಡುವಿನ, ಕೈ ತೂರದ ಕತ್ತಲ ಸಂದಿಗೆ ಬಿದ್ದಿರುತ್ತದೆ ಎಂದು ಅವನು ಹೇಳಿದ. ನಿನ್ನ ಸುಳ್ಳು ನೋಡುವುದಕ್ಕೆ ನಾನು ತೊಟ್ಟಿ ಬರಿದು ಮಾಡಬೇಕೇನು ಎಂದ ದುರುಗೇಶ. ನೀರು ತುಂಬಿದ ತೊಟ್ಟಿಯನ್ನು ಹತ್ತು ಆಳು ಬಂದರೂ ಸರಿಸಲಾಗದು. ಗುಮಾಸ್ತ ಪಾಲಯ್ಯ ನೆಂಟರ ಎದುರೇ ಸರ್ಫರಾಜನ ಚೀಲವನ್ನು ನೆಲಕ್ಕೆ ಸುರಿದ. ಗಾಜು ಕೊಯ್ಯುವ ವಜ್ರ, ಅಂಟಿನ ಗನ್ನು, ಬುತ್ತಿ ಡಬ್ಬಿ ಹೊರಬಿದ್ದವು. ಜೇಬುಗಳನ್ನು ಹೊರಗೆಳೆಸಿದರು. ಏನೂ ಸಿಗಲಿಲ್ಲ. “ಆಗ್ಲೇ ಮಾರ್ಕೊಂಡಿರ್ತಾನ ಬಿಡು,” ಎಂದ ದುರುಗೇಶ.

ಊರಿಗೆ ಅಷ್ಟು ಸಾಕಾಯಿತು. ಕನ್ನಡಿ ಕೂರಿಸಲು ಅವನನ್ನು ಮನೆಯೊಳಗೆ ಕರೆಯುವುದನ್ನು ಜನ ಬಿಟ್ಟರು. ಸತ್ತವರ ಫೋಟೋಗಳು ಮಾತ್ರ ಅಂಗಡಿಗೆ ಬರುತ್ತಿದ್ದವು. ಮರೆತುಬಿಡು ಎಂದ ಗೆಳೆಯರಿಗೆ ಅವನು ಆರು ವರ್ಷ ಒಂದೇ ಉತ್ತರ ಕೊಟ್ಟ: “ಮರೀತೀನಿ. ತೊಟ್ಟಿ ಬರಿದಾಗ್ಲಿ.”

ಈ ವರ್ಷ ದುರುಗೇಶ ಹಳೆಯ ಮನೆಯ ಹಿತ್ತಲಲ್ಲೇ ಹೊಸ ಮನೆ ಕಟ್ಟಿಸಿ ಎಂಟಡಿ ತೊಟ್ಟಿ ತರಿಸಿದ. ಆರು ವರ್ಷದಿಂದ ನೀರು ನೋಡುತ್ತಿದ್ದ ದಾವಣಗೆರೆಯವನು, ಬೆಳೆದ ಹವಳ ಎತ್ತಿಡುವುದು ನನ್ನಿಂದಾಗದು, ಕಟ್ಟಿದವನನ್ನೇ ಕರೆಸಿರಿ ಎಂದು ಕೈಬಿಟ್ಟ. ಕರೆಯಲು ಬಂದವನು ಪಾಲಯ್ಯನೇ. ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಹೇಳಿ ಹೋದ.

ಶಬ್ನಮ್ ತಡೆದಳು. “ಮತ್ತ ಚೀಲ ಸುರಿಸ್ಕೊಂಡು ಬರ್ತೀರಾ?”

“ಈ ಸಲ ನಾನೇ ಸುರೀತೀನಿ.”

ಭಾನುವಾರ ಬೆಳಿಗ್ಗೆ ಕೆಲಸ ಹಿಡಿದ. ಹಳೆಯ ನೀರನ್ನು ಪೈಪಿನಿಂದ ಟಬ್ಬುಗಳಿಗೆ ಎಳೆದುಕೊಂಡು, ಹವಳದ ಕಲ್ಲುಗಳನ್ನು ಗಾಳಿಗೆ ತೋರಿಸದೆ ನೀರೊಳಗಿಂದ ನೀರೊಳಕ್ಕೇ ಹೊಸ ತೊಟ್ಟಿಗೆ ಸಾಗಿಸಿದ. ತನ್ನ ಕೈಯಲ್ಲಿ ಉಗುರಿನಷ್ಟಿದ್ದವು ಈಗ ಎರಡು ಕೈ ಹಿಡಿಸದಷ್ಟಾಗಿದ್ದವು. ಕೊನೆಗೆ ಒಂಟಿ ಮೀನನ್ನು ಬಲೆಯಲ್ಲಿ ಎತ್ತಿದ. ತಳದ ಮರಳನ್ನು ಹೊರಗೆ ಎಸೆಯುವುದೊಂದು ಉಳಿದಿತ್ತು.

ದುರುಗೇಶನ ತಾಯಿ ನಾಗಲಿಂಗಮ್ಮ ಹಳೆಯ ಹೊಸ್ತಿಲ ಮಣ್ಣನ್ನು ಅರಿವೆಯಲ್ಲಿ ಕಟ್ಟಿ ಹೊಸ ಮನೆಗೆ ಒಯ್ಯುತ್ತಿದ್ದರು. ಆ ಮನೆತನದಲ್ಲಿ ಅದು ಹಿರಿಯರ ಕಾಲದಿಂದ ಬಂದ ಪದ್ಧತಿ. ಹಳೆಯ ಮಣ್ಣು ಬಿಟ್ಟು ಹೋದರೆ ಲಕ್ಷ್ಮಿಯೂ ಉಳಿದುಬಿಡುತ್ತಾಳೆ. ಮರಳಿನ ಬಕೆಟ್ಟುಗಳನ್ನು ಕಂಡು, ಅದೂ ಹೋಗಬೇಕು ಎಂದರು. ತೊಟ್ಟಿ ಬಂದ ಮೇಲೇ ವ್ಯಾಪಾರ ಕುದುರಿದ್ದು, ಒಂದು ಹರಳೂ ಬಿಡಬೇಡ ಎಂದ ದುರುಗೇಶ.

ಬೇಡ ಎನ್ನುವ ಮಾತು ಸರ್ಫರಾಜನ ನಾಲಿಗೆಗೆ ಬಂದಿತ್ತು. ನುಂಗಿಕೊಂಡ. ಮೇಲೆ ಬೆಳ್ಳಗಿದ್ದರೂ ಆ ಮರಳಿನ ಅಡಿಯಲ್ಲಿ ಎಂಟು ವರ್ಷದ ಹೊಲಸು ಕಪ್ಪಗೆ ಕೂತಿತ್ತು. ಕಲಕಿ ಸುರಿದರೆ ಬೆಳಗಾಗುವುದರೊಳಗೆ ತೊಟ್ಟಿಯೆಲ್ಲ ಹೆಣ. ಹೇಳಿದವರೂ ಅವರೇ, ಮಾಡಿಸಿಕೊಂಡವರೂ ಅವರೇ ಆಗುತ್ತಿದ್ದರು.

ಬರಿದಾದ ತೊಟ್ಟಿಯನ್ನು ಹಮಾಲರು ಇಳಿಸಿದರು. ಸರ್ಫರಾಜ ಕಪಾಟಿಗೆ ಹೆಗಲು ಕೊಟ್ಟ. ಗೋಡೆಯಿಂದ ಅದು ಒಂದು ಮೊಳ ಸರಿಯಿತು. ಜಿನುಗಿದ ಉಪ್ಪು ಬುಡದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಆ ಉಪ್ಪಿನೊಳಗೆ, ಒಣಮೆಣಸಿನಕಾಯಿಯ ಹಾಗೆ ಮುರುಟಿ, ಮೀನು ಇತ್ತು. ಮೂರು ಪಟ್ಟೆಯೂ ಕಾಣುತ್ತಿದ್ದವು.

ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ. ಪಾಲಯ್ಯ ತಲೆ ತಗ್ಗಿಸಿದ. ದುರುಗೇಶ ಬಗ್ಗಿ ನೋಡಿ ನಕ್ಕ.

“ಇಲ್ಲೇ ಬಿದ್ದೈತಲ್ಲೋ. ಹೋಗ್ಲಿ ಬಿಡಲೇ, ಹಳೇ ಮಾತು. ಮರಳು ಹಾಕು ಬಾ.”

ಸರ್ಫರಾಜ ಮೀನನ್ನು ಜೇಬಿಗಿಳಿಸಿ ಬಕೆಟ್ಟು ಎತ್ತಿಕೊಂಡ. ಹೊಸ ಮನೆಗೆ ನಡೆದ. ತೊಟ್ಟಿಯ ಅಂಚಿಗೆ ಬಕೆಟ್ಟು ಆನಿಸಿದ. ಒಳಗೆ ಹವಳಗಳು ಒಂದೊಂದಾಗಿ ಅರಳತೊಡಗಿದ್ದವು. ಆ ಗಳಿಗೆಯಲ್ಲಿ ಬಂದ ಯೋಚನೆಯನ್ನು ಅವನು ಆ ಸಂಜೆ ಶಬ್ನಮ್‌ಗೆ ಹೇಳಿದ. ತೊಟ್ಟಿ ಸತ್ತರೆ ದುರುಗೇಶ ಎರಡು ದಿನ ಗೋಳಾಡಿ ಇನ್ನೊಂದು ಕಟ್ಟಿಸುತ್ತಾನೆ. ಊರು ಮತ್ತೆ ನನ್ನ ಕಡೆಗೇ ಬೆರಳು ಮಾಡುತ್ತದೆ. ಬದುಕಿದರೆ ಆ ಒಂಟಿ ಮೀನು ದಿನಾ ಅವನ ಕಣ್ಣೆದುರು ತಿರುಗುತ್ತದೆ. ಅದು ತಿರುಗಲಿ.

ಬಕೆಟ್ಟಿನ ತಳದಿಂದ ಒಂದು ಹಿಡಿ ಕಪ್ಪು ಮರಳು ತೆಗೆದು ದುರುಗೇಶನ ಮೂಗಿಗೇ ಹಿಡಿದ.

“ಮೂಸಿ ನೋಡ್ರಿ ಸಾವ್ಕಾರ್ರೆ. ಕೊಳೆತ ತತ್ತಿ ನಾತ. ಇದು ಬಿದ್ರ ನಾಳಿ ಮುಂಜಾನಿಗೆ ಒಂದು ಜೀವ ಉಳಿಯಂಗಿಲ್ಲ. ನಾ ಬಾಯಿ ಮುಚ್ಕೊಂಡಿದ್ರ ಸಾಕಿತ್ತು.”

ದುರುಗೇಶ ಸೆರಗಿಲ್ಲದ ಹೆಂಗಸಿನಂತೆ ಅತ್ತಿತ್ತ ನೋಡಿದ. ನಾಗಲಿಂಗಮ್ಮ, ಹಂಗಾದ್ರೆ ಮೇಲಿನ ಬಿಳೀದು ಒಂದು ಚಿಟಿಕೆ ಸಾಕಪ್ಪ ಎಂದರು. ಸರ್ಫರಾಜ ಅದನ್ನು ಏಳು ಸಲ ತೊಳೆದು ಹಾಕಿದ.

ಕೈ ಒರೆಸಿಕೊಂಡು, ಚೀಲವನ್ನು ಪಾಲಯ್ಯನ ಮುಂದಿಟ್ಟ. “ಸುರೀರಿ.” ಪಾಲಯ್ಯ ಮುಟ್ಟಲಿಲ್ಲ. ಸರ್ಫರಾಜ ತಾನೇ ದುರುಗೇಶನ ಕಾಲ ಬಳಿ ಒಂದೊಂದೇ ಸಾಮಾನು ತೆಗೆದಿಟ್ಟ. ಜೇಬುಗಳನ್ನು ಹೊರಗೆಳೆದ. ಎಲ್ಲಕ್ಕೂ ಮೇಲೆ ಮೀನಿಟ್ಟ.

“ಇದೊಂದು ಒಯ್ತೀನಿ. ಆವತ್ತು ಕದ್ದೆ ಅಂದ್ರಿ. ಇವತ್ತು ಕೇಳಿ ಒಯ್ತೀನಿ. ಹೂಂ ಅನ್ರಿ.”

ಹಮಾಲರು, ಹೊಸ ಮನೆಗೆಂದು ಬಂದ ನೆಂಟರು, ತಾಯಿ ಎಲ್ಲರೂ ದುರುಗೇಶನ ಬಾಯಿಯನ್ನೇ ನೋಡುತ್ತಿದ್ದರು. ಅವನು ಹೂಂ ಅನ್ನಲೇಬೇಕಾಯಿತು. ಕೇಳಿಸಲಿಲ್ಲ ಎಂದ ಸರ್ಫರಾಜ. ದುರುಗೇಶ ಇನ್ನೊಮ್ಮೆ, ಗಟ್ಟಿಯಾಗಿ, ಹೂಂ ಎಂದ.

ತೀರಿಕೊಂಡ ಆ ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಸರ್ಫರಾಜ ಕಪ್ಪು ಮಖಮಲ್ಲಿನ ಮೇಲೆ ಮೀನನ್ನು ಕೂರಿಸಿ, ಸತ್ತವರ ಫೋಟೋಗಳಿಗೆ ಹಾಕುವ ಚಿನ್ನದ ಬಣ್ಣದ ಕಟ್ಟು ಹಾಕಿದ. ಕೆಳಗಿನ ಪಟ್ಟಿಯಲ್ಲಿ ಆ ಸೀಮಂತದ ತಾರೀಖು ಬರೆದ. ಸ್ಥಳ: ದುರುಗೇಶ್ ಅವರ ಹಾಲ್, ಕಪಾಟಿನ ಹಿಂದೆ. ಅದರ ಕೆಳಗೆ: ಕಳುವಾಗಿರಲಿಲ್ಲ. ದುರುಗೇಶ ದಿನಾ ಮಾರುಕಟ್ಟೆಗೆ ಹೋಗುವ ರಸ್ತೆಗೆ ಮುಖ ಮಾಡಿದ ಅಂಗಡಿ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ. ಹಿಂದೆ ಸರಿದು ನೋಡಿದ. ಗಾಜಿನ ಮೇಲೆ ತನ್ನದೇ ಹೆಬ್ಬೆರಳ ಗುರುತು ಉಳಿದಿತ್ತು. ಮುಂದೆ ಬಂದು, ಬಾಯಿಂದ ಹಬೆ ಊದಿ, ಅಂಗಿಯ ತುದಿಯಿಂದ ಅದನ್ನು ಒರೆಸಿದ.