ಗರಗಸಕ್ಕೆ ಅಕ್ಕ ಬರೆದ ವ್ಯಾಕರಣ

ನಮ್ಮಕ್ಕನ ಕೆಲಸ ವ್ಯಾಕರಣ ಬರೆಯುವುದು ಎಂದರೆ ಜನ ಅವಳನ್ನು ಶಾಲೆಯ ಟೀಚರ್ ಮಾಡಿಬಿಡುತ್ತಾರೆ. ಅವಳು ಬರೆಯುವುದು ಯಂತ್ರಗಳ ವ್ಯಾಕರಣ. ಯಂತ್ರಕ್ಕೆ ಕೊಡುವ ಆದೇಶದಲ್ಲಿ ಯಾವುದರ ನಂತರ ಏನು ಬರಬೇಕೆಂಬ ನಿಯಮಗಳನ್ನು ಒಂದು ಫೈಲಿನಲ್ಲಿ ಬರೆದು ಪಾರ್ಸರ್ ಜನರೇಟರ್ ಎಂಬ ಸಾಧನಕ್ಕೆ ಕೊಟ್ಟರೆ, ಆ ಆದೇಶಗಳನ್ನು ಓದುವ ಪ್ರೋಗ್ರಾಮನ್ನು, ಅಂದರೆ ಪಾರ್ಸರನ್ನು, ಅದೇ ಹೆಣೆದುಕೊಡುತ್ತದೆ. ಇಷ್ಟನ್ನು ನನ್ನ ತಲೆಗೆ ತುಂಬುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

ನಾನು ಮರದ ಕಾರ್ಖಾನೆಯಲ್ಲಿ ಹಲಗೆ ಕೊಯ್ಯುವವನು. ಅಲ್ಲಿಯ ಹಳೆಯ ಗರಗಸದ ಯಂತ್ರ, ಆದೇಶ ಅರ್ಧಂಬರ್ಧ ಇದ್ದರೂ ಅಂದಾಜಿನ ಮೇಲೆ ಓಡಿ ನಮ್ಮ ಮೇಸ್ತ್ರಿಯ ಎರಡು ಬೆರಳು ತೆಗೆದಿತ್ತು. ಹೊಸ ಯಂತ್ರಕ್ಕೆ ಓದು ಕಲಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಅದರ ಮುಂದೆ ನಿಲ್ಲಬೇಕಾದವನು ನಾನು.

ಸರಿಯಾದ ಆದೇಶಗಳನ್ನೆಲ್ಲ ಪಾರ್ಸರ್ ಸಲೀಸಾಗಿ ಓದಿತು. ಮಾಲೀಕರಿಗೆ ಖುಷಿಯೋ ಖುಷಿ. ಅಕ್ಕ ಮಾತ್ರ ನನ್ನನ್ನು ಅಡುಗೆಮನೆಯ ಮೇಜಿನ ಮೇಲಿದ್ದ ತನ್ನ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, "ಈಗ ಆದೇಶ ತಪ್ಪುತಪ್ಪಾಗಿ ಬರಿ," ಎಂದಳು.

"ಅದಕ್ಕೆ ನನ್ನನ್ನೇ ಯಾಕೆ ಕರೆದೆ?"

"ನಿನ್ನಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ?"

ತಪ್ಪು ಮಾಡುವುದರಲ್ಲಿ ನನ್ನದು ಎತ್ತಿದ ಕೈ, ಒಪ್ಪುತ್ತೇನೆ. ಹಲಗೆಯ ಉದ್ದ ಬಿಟ್ಟೆ, ಅಂಕಿಯ ಜಾಗದಲ್ಲಿ ಅಕ್ಷರ ತುರುಕಿದೆ, ಅರ್ಧಕ್ಕೇ ಸಾಲು ಮುಗಿಸಿದೆ. ಪ್ರತಿ ಸಲವೂ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಪಾರ್ಸರ್ ನಿಂತಿತು. ಕೊನೆಗೆ ಗರಗಸ ಎಷ್ಟು ಆಳಕ್ಕೆ ಇಳಿಯಬೇಕೆಂಬ ಅಂಕಿಯನ್ನು ಹಾರಿಸಿದೆ. ಆಗ ಅದು ನಿಲ್ಲಲಿಲ್ಲ. ವೇಗದ ಅಂಕಿಯನ್ನೇ ಆಳವೆಂದು ಓದಿಕೊಂಡು ಮುಂದೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಗಲು ಹೋದವನು ಅಕ್ಕನ ಮುಖ ನೋಡಿದೆ. ಅವಳು ನನ್ನ ಕೈ ನೋಡುತ್ತಿದ್ದಳು.

ಯಂತ್ರ ಶುರುಮಾಡುವ ದಿನವನ್ನು ಮುಂದಕ್ಕೆ ಹಾಕಿಸಿದಳು. ಮಾಲೀಕರಿಗೆ ಮೂಗಿನ ತುದಿಯಲ್ಲೇ ಕೋಪ. "ಎಲ್ಲಾ ಓದ್ತಿದೆಯಲ್ಲಮ್ಮ, ಇನ್ನೇನು ಬೇಕು?" ಎಂದು ಗದರಿದರು. ಅಕ್ಕ ಜಗ್ಗಲಿಲ್ಲ. ಪ್ರತಿ ಅಂಕಿಯ ಜೊತೆಗೂ ಅದು ಆಳವೋ ವೇಗವೋ ಎಂದು ಹೇಳಿರಲೇಬೇಕು ಎಂದು ನಿಯಮ ತಿದ್ದಿದಳು. ಮತ್ತೆ ನನ್ನನ್ನು ಕೂರಿಸಿದಳು. ಈ ಬಾರಿ ಸೋತವನು ನಾನು.

ಶುರುವಿನ ದಿನ ಕಾರ್ಖಾನೆಯವರೆಲ್ಲ ಸೇರಿದ್ದರು, ಅಕ್ಕನೂ ಬಂದಿದ್ದಳು. ನಾನು ಗರಗಸದ ಕೆಳಗೆ ಹಲಗೆ ಸರಿಹೊಂದಿಸುತ್ತಿದ್ದೆ. ಮಾಲೀಕರು ಅಷ್ಟು ಹೊತ್ತೂ ತಾಳದೆ ತಾವೇ ಆದೇಶ ಟೈಪ್ ಮಾಡಿ ಗುಂಡಿ ಒತ್ತಿಬಿಟ್ಟರು. ನನ್ನ ಕೈ ಇನ್ನೂ ಹಲಗೆಯ ಮೇಲೇ ಇತ್ತು. ಗರಗಸ ಅಲುಗಲಿಲ್ಲ. ಪರದೆಯ ಮೇಲೆ, ಮೂರನೇ ಸಾಲಿನಲ್ಲಿ ಆಳ ಹೇಳಿಲ್ಲ ಎಂದು ಬಂತು.

"ನಿಂತೇ ಹೋಯ್ತಲ್ಲಮ್ಮ," ಎಂದರು ಮಾಲೀಕರು, ಪೆಚ್ಚಾಗಿ.

"ನಿಲ್ಲಲಿ ಅಂತಾನೇ ಬರೆದಿದ್ದು ಸಾರ್," ಎಂದಳು ಅಕ್ಕ.

ನಾನು ಕೈ ಈಚೆಗೆ ತೆಗೆದುಕೊಂಡೆ. ಯಾರೂ ಕೇಳದಿದ್ದರೂ ಪಕ್ಕದವನ ಕಡೆ ತಿರುಗಿ, "ನಮ್ಮಕ್ಕ," ಎಂದೆ.