ಶೀಟಿ ಕೇಳದ ತಿಪ್ಪೇಶ

೧೯೮೬ರಲ್ಲಿ ನಾನು ಸಂಡೂರು ಕಡೆಯ ಒಂದು ಮ್ಯಾಂಗನೀಸ್ ಗಣಿಯಲ್ಲಿ ಬ್ಲಾಸ್ಟರ್ ಹೆಲ್ಪರ್ ಆಗಿದ್ದೆ. ಕೆಲಸ ನೆಲದ ಒಳಗೆ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚುವುದು. ಹಚ್ಚುವ ಮೊದಲು ನಾನು ಶೀಟಿ ಊದಬೇಕು. ಕೇಳಿದವರು ತಿರುವಿನ ಆಚೆಗೆ ಓಡಬೇಕು.

ಆ ವರ್ಷ ಚೋರನೂರಿನ ತಿಪ್ಪೇಶ ಸೇರಿದ. ಹೊಸಬರನ್ನು ಒಳಗೆ ಬಿಡುವ ಮೊದಲು ಡಾಕ್ಟರ್ ಫಿಟ್‌ನೆಸ್ ನೋಡುತ್ತಾರೆ. ಎದೆಯ ಎಕ್ಸ್‌ರೇ, ಕಣ್ಣು, ಕಿವಿ. ಕಿವಿ ಪರೀಕ್ಷೆಗೆ ಕಾಂಪೌಂಡರ್ ಎದುರು ನಿಂತು ಪಿಸುಗುಡುತ್ತಿದ್ದ. ಅದನ್ನು ತಿರುಗಿ ಹೇಳಬೇಕು. ತಿಪ್ಪೇಶ ಹೇಳಿದ. ಪಾಸಾದ.

ಒಳಗೆ ಡ್ರಿಲ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತಲೆಯ ದೀಪ ಆಡಿಸಿಯೇ ಮಾತು. ಮೇಲೆ ಕೆಳಗೆ ಆಡಿಸಿದರೆ ಬಾ, ಅಡ್ಡ ಆಡಿಸಿದರೆ ನಿಲ್ಲು. ತಿಪ್ಪೇಶ ಎಲ್ಲರಿಗಿಂತ ಬೇಗ ಕಲಿತ.

"ಈ ಮಗ ಭಾಳ ಚುರುಕ್ ಅದಾನ. ನಿನ್ನಂಗಲ್ಲಲೇ," ಎಂದು ಬ್ಲಾಸ್ಟರ್ ಮಾಬುಸಾಬ್ ನನ್ನನ್ನು ಚುಚ್ಚುತ್ತಿದ್ದರು.

ಒಂದು ದಿನ ಡ್ರಿಲ್ ನಿಂತ ಮೇಲೆ ಶೀಟಿ ಊದಿದೆ. ಶೀಟಿ ಆದ ಮೇಲೆ ಒಳಗೆ ಯಾರೂ ಇರುವುದಿಲ್ಲ ಎಂದೇ ನಮ್ಮ ಲೆಕ್ಕ. ಮಾಬುಸಾಬ್ ಬತ್ತಿ ಹಚ್ಚಿದರು. ತಿರುವಿನ ಆಚೆ ಬಂದು ನೋಡಿದರೆ ತಿಪ್ಪೇಶ ಇಲ್ಲ. ಇಣುಕಿದೆ. ಅಡ್ಡ ಸುರಂಗದಿಂದ ಹೊರಬಂದು, ನಮಗೆ ಬೆನ್ನು ಹಾಕಿ, ಡ್ರಿಲ್ ರಾಡು ಆಯುತ್ತಿದ್ದಾನೆ.

"ಲೇ ತಿಪ್ಯಾ! ಓಡಲೇ!"

ತಿರುಗಲಿಲ್ಲ. ದೀಪ ಆಡಿಸಿದೆ. ಬೆನ್ನಿಗೆ ಕಣ್ಣಿಲ್ಲ.

"ಹೋಗಬ್ಯಾಡ, ಇಬ್ರೂ ಸಾಯ್ತೀರಿ," ಎಂದು ಮಾಬುಸಾಬ್ ತೋಳು ಹಿಡಿದರು. ಕೊಸರಿಕೊಂಡು ಓಡಿದೆ. ಮದ್ದಿನ ಕಡೆಗೇ ಓಡಬೇಕಿತ್ತು. ಉಚ್ಚೆ ಹೋಗಿದ್ದು ಆಮೇಲೆ ಗೊತ್ತಾಯಿತು. ಅವನ ಕಾಲರ್ ಹಿಡಿದು ಎಳೆದೆ. ತಿರುವಿಗೆ ಬಂದು ಬೀಳುವಷ್ಟರಲ್ಲಿ ಸಿಡಿಯಿತು. ಅವನು ನಿಂತಿದ್ದ ಜಾಗದ ತುಂಬ ಕಲ್ಲು.

ಧೂಳು ಇಳಿದ ಮೇಲೆ ತಿಪ್ಪೇಶ ಬಾಯಿ ಬಿಟ್ಟ. "ಸಣ್ಣಾವಿದ್ದಾಗ ಜ್ವರ ಬಂದು ಕಿವಿ ಹೋದ್ವಣ್ಣ. ತುಟಿ ನೋಡಿ ತಿಳ್ಕಂತೀನಿ. ಡಾಕ್ಟ್ರಿಗೆ ಹೇಳಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ. ಕೆಲ್ಸ ಹೋಗ್ತತಿ."

ಅವತ್ತೇ ಅವನನ್ನು ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದೆ. "ಇವನ್ನ ಗ್ವಾಡಿ ಕಡಿಗೆ ತಿರುಗ್ಸಿ ಕರೀರಿ ಸಾರ್," ಎಂದೆ.

ಡಾಕ್ಟರ್ ಹೆಸರು ಹಿಡಿದು ಕರೆದರು. ಜೋರಾಗಿ ಕರೆದರು. ತಿಪ್ಪೇಶ ಗೋಡೆ ನೋಡುತ್ತಾ ನಿಂತೇ ಇದ್ದ. ಅವನ ಕುತ್ತಿಗೆ ಬೆವರುತ್ತಿತ್ತು. ಒಳಗಿನ ಕೆಲಸಕ್ಕೆ ಅನ್‌ಫಿಟ್ ಎಂದು ಬರೆದರು.

ಅವತ್ತಿನಿಂದ ಕಾಂಪೌಂಡರ್ ಬೆನ್ನ ಹಿಂದೆ ನಿಂತೇ ಪಿಸುಗುಡುತ್ತಾನೆ. ಒಳಗೆ ಇಳಿಯುವವನು ಬೈದರೂ ಸರಿ, ಅತ್ತರೂ ಸರಿ, ಪರೀಕ್ಷೆಯಲ್ಲಿ ಕನಿಕರ ತೋರಿಸಬಾರದು. ನನ್ನ ಕೆಲಸ ಕಲಿಸಿದ್ದು ಇಷ್ಟು. ತಿಪ್ಪೇಶ ಗಣಿಯ ಹೊರಗೆ ಅದಿರು ಆರಿಸುತ್ತಾನೆ, ಕಡಿಮೆ ಕೂಲಿಗೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಮುಖ ತಿರುಗಿಸಿದವನಿಗೆ ನಾನು ಏನು ಹೇಳಿದರೂ ಮುಟ್ಟುವುದಿಲ್ಲ.