ಮುಷ್ಟಿಯಲ್ಲಿದ್ದ ಬೀಗದ ಕೈ

ಅದು ಮೊದಲ ಸಲ ಬಂದಾಗ ನಮ್ಮ ಯಜಮಾನರ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿತ್ತು.

ಬೆಳಗ್ಗೆ ಆರೂವರೆ ಇರಬಹುದು. ಹುಳು ಮನೆಯಲ್ಲಿ ನಾವಿಬ್ಬರೇ ಇದ್ದೆವು. ರೇಷ್ಮೆ ಹುಳುಗಳಿಗೆ ನಾನು ಈ ಕಡೆಯಿಂದ ಸೊಪ್ಪು ಹರಡುತ್ತಿದ್ದೆ, ಅವರು ಆ ಕಡೆಯಿಂದ. ಏನೋ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ತಿರುಗಿ ನೋಡಿದರೆ ಗೋಡೆ ದಿಟ್ಟಿಸುತ್ತ ನಿಂತಿದ್ದಾರೆ. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿದೆ. ಬಲಗೈ ತನ್ನಷ್ಟಕ್ಕೆ ತಾನು ಅದುರುತ್ತಿದೆ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅವರನ್ನು ಹೆಸರು ಹಿಡಿದು ಕೂಗಿದೆ. ನಾಗರಾಜಾ.

ಕೇಳಿಸಲಿಲ್ಲ.

ಆಮೇಲೆ ಬಿದ್ದರು. ಮೈ ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಹುಳು ಮನೆಯ ಬೀಗದ ಕೈಯನ್ನು ಅವರ ಮುಷ್ಟಿಗೆ ತುರುಕಿದೆ. ಎರಡು ನಿಮಿಷವೋ ಮೂರು ನಿಮಿಷವೋ, ನನಗೆ ಒಂದು ವರ್ಷದಷ್ಟಾಯಿತು. ಎಚ್ಚರವಾದ ಮೇಲೆ ಎದ್ದು ಕೂತು, "ಯಾಕೆ ಅಳ್ತಿದೀಯ?" ಅಂದರು.

ನಾನು ಅಂಗನವಾಡಿ ಟೀಚರ್. ತಿಂಗಳಿಗೊಮ್ಮೆ ತಾಯಂದಿರ ಸಭೆಯಲ್ಲಿ ನಿಂತು, ಮಗುವಿಗೆ ಜ್ವರ ಬಂದರೆ ತಾಯತ ಕಟ್ಟಿಸಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೋಗಿ ಎಂದು ಗಂಟಲು ಹರಿದುಕೊಳ್ಳುವವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಬದನೆಕಾಯಿಯನ್ನು ನಾನೇ ತಿಂದೆ. ಅತ್ತೆ ಒಂದು ಮಾತು ಹೇಳಿದ್ದೇ ತಡ, ಮುಳಬಾಗಿಲಿನಿಂದಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಗೆ ಅವರನ್ನು ಕರೆದುಕೊಂಡು ಹೋದೆ. ಅಲ್ಲಿನ ಅಜ್ಜ ತೋಳಿಗೆ ಕಪ್ಪು ದಾರ ಕಟ್ಟಿದರು. "ನಲಭೈ ಎನಿಮಿದಿ ರೋಜುಲು ಎವರಿಕೀ ಚೆಪ್ಪಕೂಡದಮ್ಮಾ," ಅಂದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಯಾರಿಗೂ ಹೇಳಬಾರದು. ಬಾಯಿ ಬಿಟ್ಟರೆ ದಾರ ಕೆಲಸ ಮಾಡುವುದಿಲ್ಲ.

ಗಾಡಿ ಓಡಿಸಬಾರದು ಎಂದು ಅಜ್ಜ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಯಜಮಾನರದು ಒಂದು ಪಿಕಪ್ ಗಾಡಿ. ಹುತ್ತೂರು ಕಡೆಯ ತರಕಾರಿಯನ್ನು ದಿನಾ ಬೆಳಗ್ಗೆ ಕೋಲಾರದ ಮಾರ್ಕೆಟ್ಟಿಗೆ ಹಾಕುವ ಕೆಲಸ. ಗಾಡಿ ನಿಲ್ಲಿಸಿದರೆ ಯಾಕೆ ಎಂದು ಊರು ಕೇಳುತ್ತದೆ. ಕಾರಣ ಹೇಳಿದರೆ ಮಂಡಲ ಮುರಿಯುತ್ತದೆ. ಹೀಗೆ ಇಬ್ಬರೂ ಲೆಕ್ಕ ಹಾಕಿ ಸುಮ್ಮನಾದೆವು. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕೆ ಇಡುತ್ತ ಬಂದೆ. ಇಪ್ಪತ್ತಮೂರನೇ ದಿನ ಮತ್ತೆ ಬಂತು, ಊಟಕ್ಕೆ ಕೂತಿದ್ದಾಗ. ಈ ಸಲ ಕೈ ಮಾತ್ರ ಅದುರಿತು, ಬೀಳಲಿಲ್ಲ. ದಾರದ ಗುಣ, ಕಡಿಮೆಯಾಗುತ್ತಿದೆ ಎಂದು ಅತ್ತೆ ಕೈಮುಗಿದರು. ನಾನೂ ಮುಗಿದೆ.

ನಲವತ್ತೊಂದನೇ ದಿನ ನಾನು ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. ಮೈದುನ ಸೀನ ಫೋನ್ ಮಾಡಿದ.

"ಅತ್ಗೆ, ಅಣ್ಣನ ಗಾಡಿ ಜನದ ಮ್ಯಾಲೆ ಹೋಗ್ಬಿಟ್ಟೈತೆ."

"ಅಣ್ಣಂಗೆ ಏನಾಯ್ತು?"

"ಜನ ಹೊಡ್ದವ್ರೆ."

ಮಾರ್ಕೆಟ್ಟಿನಿಂದ ಹೊರಬಂದ ಗಾಡಿ ನೇರ ಹೋಗಬೇಕಾದದ್ದು ಎಡಕ್ಕೆ ವಾಲಿಕೊಂಡು, ಹೂವಿನವರು ಕೂರುವ ಅಂಚಿಗೆ ಹತ್ತಿತ್ತು. ಒಬ್ಬ ಹೆಣ್ಣುಮಗಳ ತೊಡೆ ಮೂಳೆ ಮುರಿಯಿತು. ಬಾಳೆ ಎಲೆ ಕೊಳ್ಳಲು ಬಂದಿದ್ದ ಒಬ್ಬರ ಮಣಿಕಟ್ಟು ಮುರಿಯಿತು. ಯಾರೂ ಸಾಯಲಿಲ್ಲ. ಈ ಒಂದೂವರೆ ತಿಂಗಳಲ್ಲಿ ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಬಸ್ಸಿನಲ್ಲಿ ಕೋಲಾರಕ್ಕೆ ಹೊರಟೆ. ನನಗಿಂತ ಮೊದಲು ವಿಡಿಯೋ ಎಲ್ಲ ಕಡೆ ತಲುಪಿತ್ತು. ಮುಂದಿನ ಸೀಟಿನವನು ಫೋನ್ ಹಿಡಿದು ನೋಡುತ್ತಿದ್ದ. ಒಬ್ಬ ಮನುಷ್ಯನನ್ನು ಗಾಡಿಯಿಂದ ಎಳೆದು ಹಾಕಿ ಹತ್ತಾರು ಕಾಲುಗಳು ಒದೆಯುತ್ತಿದ್ದವು. ಮುಖ ಕಾಣುತ್ತಿರಲಿಲ್ಲ. ಶರ್ಟು ಕಾಣುತ್ತಿತ್ತು. ಹಿಂದಿನ ದಿನ ನಾನೇ ಇಸ್ತ್ರಿ ಮಾಡಿಟ್ಟ ನೀಲಿ ಗೆರೆಯ ಶರ್ಟು.

ಅವನು ಹಿಂದಕ್ಕೆ ತಿರುಗಿ, "ನೋಡಮ್ಮಾ, ಹೊತ್ತಾರೇನೇ ಕುಡ್ದು ಓಡಿಸ್ತಾವೆ ನನ್ಮಕ್ಳು. ಇನ್ನೂ ನಾಕು ಬಿಡ್ಬೇಕಿತ್ತು," ಅಂದ.

ನಾನು "ಹೂಂ" ಅಂದೆ.

ಆ "ಹೂಂ" ನನ್ನನ್ನು ಈಗಲೂ ಬಿಟ್ಟಿಲ್ಲ. ಬೇರೆ ಏನು ಹೇಳಬಹುದಿತ್ತು ಎಂದು ನೂರು ಸಲ ಯೋಚಿಸಿದ್ದೇನೆ. ಅವರು ನನ್ನ ಗಂಡ ಎನ್ನಬಹುದಿತ್ತು. ಕುಡಿದಿಲ್ಲ, ಅವರಿಗೆ ಕಾಯಿಲೆ ಎನ್ನಬಹುದಿತ್ತು. ಬಾಯಿಂದ ಬಂದದ್ದು ಒಂದು "ಹೂಂ". ನಲವತ್ತು ದಿನ ಮುಚ್ಚಿಟ್ಟು ಅಭ್ಯಾಸವಾದ ಬಾಯಿ ಅದು.

ಆಸ್ಪತ್ರೆಯ ಕ್ಯಾಶುಯಾಲಿಟಿಯಲ್ಲಿ ತಲೆಗೆ ಹೊಲಿಗೆ ಹಾಕಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಬಾಗಿಲ ಬಳಿ ಒಬ್ಬ ಪೊಲೀಸ್. ನರ್ಸ್ ಡ್ರಿಪ್ ಹಾಕಲು ಬಲಗೈ ಬಿಡಿಸಲು ನೋಡಿದರೆ ಮುಷ್ಟಿ ಬಿಗಿದೇ ಇತ್ತು. ಒಂದೊಂದೇ ಬೆರಳು ಬಿಡಿಸಿದರು. ಒಳಗೆ ಮೂರು ಸಣ್ಣ ಬೀಗದ ಕೈಗಳಿದ್ದವು, ಬಾಳೆ ನಾರಿನಲ್ಲಿ ಸೇರಿಸಿ ಕಟ್ಟಿದ್ದು.

"ನಿಮ್ಮದಾ?" ಎಂದು ನರ್ಸ್ ನನ್ನ ಅಂಗೈಗೆ ಹಾಕಿದರು.

ನಮ್ಮದಲ್ಲ.

ಆದರೆ ನನಗೆ ತಕ್ಷಣ ಗೊತ್ತಾಯಿತು. ಅಷ್ಟು ಜನ ಒದೆಯುತ್ತಿದ್ದಾಗ, ಅಷ್ಟು ಜನ ಫೋನ್ ಹಿಡಿದಿದ್ದಾಗ, ಯಾರೋ ಒಬ್ಬರು ಬಗ್ಗಿ ಅವರ ಬಾಯಿ ನೋಡಿದ್ದಾರೆ, ಕೈ ನೋಡಿದ್ದಾರೆ. ಇದು ಕುಡಿತವಲ್ಲ ಎಂದು ತಿಳಿದು, ಸೊಂಟದಲ್ಲಿದ್ದ ಬೀಗದ ಕೈ ತೆಗೆದು ಮುಷ್ಟಿಗೆ ಇಟ್ಟಿದ್ದಾರೆ. ಹುಳು ಮನೆಯಲ್ಲಿ ನಾನು ಮಾಡಿದ್ದನ್ನೇ. ಆ ಬೀಗದ ಕೈಗಳನ್ನು ಬ್ಲೌಸಿನೊಳಗೆ ಸೇರಿಸಿಕೊಂಡೆ. ಆಗ ನನಗೆ ಅಳು ಬಂತು.

ಡಾಕ್ಟರಮ್ಮ ಬಂದರು. ವಯಸ್ಸು ಮೂವತ್ತೂ ಇಲ್ಲ. "ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿತ್ತಾ?" ಎಂದು ಕೇಳಿದರು.

ಅದಕ್ಕೂ ಮೊದಲೇ ಕಾರಿಡಾರಿನಲ್ಲಿ ಸೀನ ನನ್ನನ್ನು ಪಕ್ಕಕ್ಕೆ ಕರೆದಿದ್ದ. ಯಾರೋ ವಕೀಲರನ್ನು ಫೋನಿನಲ್ಲಿ ಕೇಳಿದ್ದನಂತೆ. "ಮೊದ್ಲೇ ಇತ್ತು ಅಂತ ಎಲ್ಲೂ ಬಾಯ್ ಬಿಡ್ಬ್ಯಾಡಿ ಅತ್ಗೆ. ಗೊತ್ತಿದ್ದೂ ಓಡ್ಸಿದ್ದು ಅಂದ್ರೆ ಅಣ್ಣನ್ನ ಯಾರೂ ಉಳಿಸಕಾಗಲ್ಲ."

"ಇಲ್ಲ ಮೇಡಂ, ಬಂದಿರ್ಲಿಲ್ಲ," ಅಂದೆ.

ಮರುದಿನ ಬೆಳಗ್ಗೆ ವಾರ್ಡಿನಲ್ಲಿ ಮತ್ತೆ ಫಿಟ್ಸ್ ಬಂತು. ಮಂಚದ ಕಂಬಿಗಳು ಸದ್ದು ಮಾಡುವಷ್ಟು. ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಮತ್ತೊಂದು ಸ್ಕ್ಯಾನ್ ಎಂದರು, ಬೆಂಗಳೂರಿಗೆ ಕಳಿಸಬೇಕಾಗಬಹುದು ಎಂದರು. ಡಾಕ್ಟರಮ್ಮ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡರು. "ಅಮ್ಮಾ, ತಲೆಗೆ ಬಿದ್ದಿರೋ ಪೆಟ್ಟಿಂದ ಬರ್ತಿದ್ರೆ ನಾವು ಒಂದು ಥರ ನೋಡ್ಬೇಕು. ಮೊದಲಿಂದ ಇದ್ರೆ ಇನ್ನೊಂದು ಥರ. ಪೇಷಂಟಿಗೆ ಏನೂ ನೆನಪಿಲ್ಲ. ನೀವು ಹೇಳಿದ್ದರ ಮೇಲೇ ನಾನು ಹೋಗ್ತಿದೀನಿ."

ನಾನು ಹೇಳಿದೆ. ಹುಳು ಮನೆ, ಕಪ್ಪು ದಾರ, ನಲವತ್ತೆಂಟು ದಿನ, ಊಟದ ಹೊತ್ತಿನದು, ಎಲ್ಲ. ಅವರು ಬರೆಯುತ್ತಲೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಇದೆಲ್ಲ ಆಗ್ತಿದ್ದಾಗಲೂ ಗಾಡಿ ಓಡಿಸ್ತಿದ್ರಾ?"

"ಹೌದು."

ಅದರ ಕೆಳಗೆ ಒಂದು ಗೆರೆ ಎಳೆದರು.

ಎಂಆರ್‌ಐ ಆಯಿತು, ಇಇಜಿ ಆಯಿತು. ಮೆದುಳಿನಲ್ಲಿ ಹಳೆಯ ಕಲೆಯೊಂದಿದೆ, ಎಪಿಲೆಪ್ಸಿ, ಅಂದರು. ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರೆ. ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಮತ್ತೆ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಕೈಗೆ ಬಾಯಿಗೆ ಏನೂ ಕೊಡಬೇಡಿ, ಕಬ್ಬಿಣದಿಂದ ಏನೂ ಆಗುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ಅಂಗನವಾಡಿ ಟೀಚರಿಗೆ ಪಾಠ ಹೇಳುವ ಗತಿ ಬಂತು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ರಕ್ತದಲ್ಲಿ ಹೆಂಡದ ಅಂಶ ಇಲ್ಲ ಎಂದು ರಿಪೋರ್ಟ್ ಬಂತು. ಸೀನ ಅದರ ಫೋಟೋ ತೆಗೆದು, ವಿಡಿಯೋ ಬಂದಿದ್ದ ಗ್ರೂಪುಗಳಿಗೆಲ್ಲ ಹಾಕಿದ. ವಿಡಿಯೋ ಊರೂರು ಸುತ್ತಿತ್ತು. ರಿಪೋರ್ಟ್ ಹಾಕಿದಲ್ಲೇ ಬಿದ್ದಿತ್ತು. ಆ ವಿಡಿಯೋದ ಮೇಲೆ "ಕುಡುಕ ಚಾಲಕನಿಗೆ ಧರ್ಮದೇಟು" ಎಂದು ಬರೆದಿದ್ದರು. ನಾನೂ ಎಷ್ಟೋ ಸಲ ಇಂಥವನ್ನು ನೋಡಿ, ಸರಿಯಾಗಿ ಮಾಡಿದರು ಅಂದುಕೊಂಡಿದ್ದೇನೆ. ಕಳೆದ ವರ್ಷ ಒಂದನ್ನು ನಾನೇ ತವರಿನ ಗ್ರೂಪಿಗೆ ಕಳಿಸಿದ್ದೆ. ಆ ಹೊಡೆತ ತಿಂದವನು ಯಾರ ಗಂಡನೋ, ಅವನ ಹೆಂಡತಿ ಯಾವ ಬಸ್ಸಿನಲ್ಲಿ ಕೂತಿದ್ದಳೋ.

ಊರಿನವರು ಬ್ರೆಡ್ಡು, ಬಾಳೆಹಣ್ಣು ಹಿಡಿದು ನೋಡಲು ಬಂದರು. ಪಾಪ ಅಂದರು. ಅವರ ಫೋನಿನಲ್ಲೂ ಆ ವಿಡಿಯೋ ಇತ್ತು, ನನಗೆ ಗೊತ್ತು. ಅತ್ತೆಗೆ ಬೇರೆಯೇ ಚಿಂತೆ. "ಕುಡ್ದಿದ್ದ ಅಂತಾನೇ ಅಂದ್ಕಳ್ಳಿ ಬಿಡೇ. ಕುಡ್ತ ಅಂದ್ರೆ ನಾಕ್ ದಿನದ ಮಾತು. ಮೂರ್ಛೆ ಅಂದ್ರೆ ವಂಶದ ಮಾತು," ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ಅವರೆದುರೇ ಯಜಮಾನರ ತೋಳಿನ ದಾರವನ್ನು ಕತ್ತರಿಯಲ್ಲಿ ಕತ್ತರಿಸಿದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು. ಅವರು ಬರೀ ಹೇಳಿದ್ದರು, ಕರೆದುಕೊಂಡು ಹೋದವಳು ನಾನು.

ಯಜಮಾನರಿಗೆ ಆ ದಿನದ್ದು ಒಂದೂ ನೆನಪಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿದ್ದು ಕೊನೆ. ಹೊಡೆತದ ಬಗ್ಗೆ ಕೇಳುವುದಿಲ್ಲ. ದಿನಾ ಕೇಳುವುದು ಒಂದೇ. "ಆ ಹೆಣ್ಮಗಳ ಕಾಲು ಹೆಂಗೈತಂತೆ?" ಹೋಗಿ ನೋಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಬೀಗದ ಕೈಗಳ ವಿಷಯ ಮಾತ್ರ ಅವರಿಗೆ ಹೇಳಿದ್ದೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದು ತಿಂಗಳಾದ ಮೇಲೆ ಅವರೇ ಅಂದರು, "ಅವ್ರ ಬೀಗದ ಕೈ ಅವ್ರಿಗೆ ಕೊಟ್ಬಿಟ್ ಬಾ."

ಹೋದ ವಾರ ಕೋಲಾರದ ಮಾರ್ಕೆಟ್ಟಿಗೆ ಹೋದೆ. ಬಾಳೆ ನಾರು ಎಂದರೆ ಹೂವಿನವರದೇ ಇರಬೇಕು. ಸಾಲಿನಲ್ಲಿ ಕೂತಿದ್ದವರನ್ನು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. "ಆ ಕುಡುಕನ ಗಾಡಿ ಬಂದಿದ್ದು ಇಲ್ಲಿಂದ್ಲೇ," ಎಂದು ಒಬ್ಬಳು ಜಾಗ ತೋರಿಸಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕನೆಯವರು ಐವತ್ತೈದರ ಹೆಂಗಸು. ಕನಕಾಂಬರ ಕಟ್ಟುತ್ತಿದ್ದರು. ಬೀಗದ ಕೈ ಕಂಡದ್ದೇ ಅವರ ಬೆರಳು ನಿಂತವು.

"ಇದು ನಂದೇ. ನಿಂಗೆಲ್ಲಿ ಸಿಕ್ತಮ್ಮಾ?"

"ಅವರ ಕೈಯಲ್ಲಿತ್ತು. ನಾನು ಅವರ ಹೆಂಡ್ತಿ."

ಅವರು ಪಕ್ಕಕ್ಕೆ ಸರಿದು ಗೋಣಿಚೀಲದ ಮೇಲೆ ಜಾಗ ಕೊಟ್ಟರು. ಹೆಸರು ವೆಂಕಟಮ್ಮ. ತೊಡೆ ಮುರಿದದ್ದು ಇವರ ನಾದಿನಿಗೆ. ಅವಳಿಗೆ ರಾಡ್ ಹಾಕಿದ್ದಾರೆ, ವಾಕರ್ ಹಿಡಿದು ಬಚ್ಚಲವರೆಗೆ ಹೋಗುತ್ತಾಳೆ.

"ಅವ್ಳನ್ನ ಆಟೋಗೆ ಹತ್ತಿಸ್ಬಿಟ್ಟು ನಾನೂ ಹೊಡಿಯಕ್ಕಂತ್ಲೇ ಬಂದೆ, ಸುಳ್ಳು ಯಾಕೆ ಹೇಳ್ಲಿ," ಅಂದರು. "ಬಗ್ಗಿ ನೋಡಿದ್ರೆ ಬಾಯಲ್ಲಿ ನೊರೆ. ಕೈ ಅದುರ್ತೈತೆ. ನಮ್ಮಣ್ಣಂಗೂ ಹಂಗೇ ಬತ್ತಿತ್ತು. ಬಿಡ್ರೋ, ಮೂರ್ಛೆ ಕಣ್ರೋ ಅಂದೆ. ಯಾರ್ ಕೇಳ್ತಾರೆ? ಬೀಗದ ಕೈ ಕೊಟ್ಟೆ. ಅಷ್ಟೇ ಆಗಿದ್ದು ನನ್ ಕೈಲಿ."

ನಾನು ಅವರ ಕೈ ಹಿಡಿದುಕೊಂಡೆ. ಹೂವಿನ ತೇವ ಇತ್ತು. ಆಗ ಅವರು ಕೇಳಿದರು.

"ಮೊದ್ಲೂ ಬತ್ತಿತ್ತಾ ಅವ್ರಿಗೆ?"

ವಕೀಲರು ನೆನಪಾದರು. ಸೀನ ನೆನಪಾದ. ಇಲ್ಲ ಎಂದಿದ್ದರೆ ಅವರು ನನ್ನ ತಲೆ ಸವರಿ, ಒಂದು ಮೊಳ ಹೂ ಕೊಟ್ಟು ಕಳಿಸುತ್ತಿದ್ದರು.

"ಬರ್ತಿತ್ತು ಅಕ್ಕಾ. ನನಗೆ ಗೊತ್ತಿತ್ತು."

ಅವರು ಕೈ ಬಿಡಿಸಿಕೊಂಡರು. ಮತ್ತೆ ಹೂ ಕಟ್ಟತೊಡಗಿದರು. ನಾಲ್ಕೈದು ಗಂಟು ಹಾಕಿದರು. ಎದುರಿಗೆ ಬಸ್ಸು, ಆಟೋಗಳು ಹೋಗುತ್ತಲೇ ಇದ್ದವು.

"ಗೊತ್ತಿದ್ರೂ ಬೀಗದ ಕೈ ಕೊಡ್ತಿದ್ನೇನೋ. ಆ ಹೊತ್ನಲ್ಲಿ ಕೈ ತಾನೇ ಹೋಗ್ತೈತೆ," ಅಂದರು. "ಆದ್ರೆ ನಿನ್ನ ಪಕ್ಕದಲ್ಲಿ ಕೂರಿಸ್ಕಂಡು ಮಾತಾಡ್ಸಕ್ಕೆ ನಂಗಾಗಲ್ಲಮ್ಮಾ. ಎದ್ದೋಗು."

ಬೀಗದ ಕೈ ಮುಂದೆ ಹಿಡಿದೆ. ತಗೊಳ್ಳಲಿಲ್ಲ. "ಪೆಟ್ಗೆ ಬೀಗ ಅವತ್ತೇ ಕಲ್ಲಲ್ಲಿ ಒಡ್ಸಿ ಆಯ್ತು. ಇದನ್ನಿಟ್ಕಂಡು ನಾನೇನ್ ಮಾಡ್ಲಿ?"

ಎದ್ದೆ. ಹತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಕೂಗಿದರು.

"ಏಮ್ಮಾ, ಮಾತ್ರೆ ತಪ್ಪಿಸ್ಬ್ಯಾಡ. ನಮ್ಮಣ್ಣ ತಪ್ಪಿಸ್ದ."

ತಿರುಗಿ ನೋಡಿದರೆ ಅವರು ತಲೆ ಎತ್ತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಯಜಮಾನರು ಜಗಲಿಯ ಮೇಲೆ ಕಾಯುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಒಂದನ್ನೂ ಬಿಡಲಿಲ್ಲ. ನಾಳೆ ಸ್ಟೇಷನ್ನಿನಲ್ಲಿ ಕೇಳಿದರೂ ಇದನ್ನೇ ಹೇಳುತ್ತೇನೆ ಅಂದೆ. ಈ ತಿಂಗಳ ತಾಯಂದಿರ ಸಭೆಯಲ್ಲೂ ನಮ್ಮ ಮನೆಯಲ್ಲೇ ಹೀಗಾಯಿತು ಎಂದೇ ಶುರು ಮಾಡುತ್ತೇನೆ ಅಂದೆ. ಅವರು ಆ ಮೂರು ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಪಿಕಪ್ ಕೀ ತೂಗುತ್ತಿದ್ದ ಮೊಳೆ ಖಾಲಿ ಇತ್ತು. ಅದಕ್ಕೆ ನೇತುಹಾಕಿದರು.

ಆಮೇಲೆ ಗಡಿಯಾರ ನೋಡಿ, ಮಾತ್ರೆ ಕೊಡು ಎಂದು ನನ್ನ ಮುಂದೆ ಬಲಗೈ ಚಾಚಿದರು. ಅಂಗೈ ಅದುರುತ್ತಿರಲಿಲ್ಲ.